ಅತ್ತೆ, ೧೨-೪೦

ಬೆಂಕಿ ಆರಿತ್ತು. ಹೊಗೆ ಮಾತ್ರ ಜಾಗ ಖಾಲಿ ಮಾಡಿರಲಿಲ್ಲ. ಎದ್ದು ಹೋಗಲು ಮನಸ್ಸಿಲ್ಲದ ನೆಂಟನ ಹಾಗೆ ಬ್ಯಾಟರಿ ವರ್ಕ್‌ಶಾಪಿನ ಕಿಟಕಿಯಲ್ಲಿ ತಡೆದು ತಡೆದು ನಿಂತಿತ್ತು.

ಒಳಗೆ ಉದ್ದನೆಯ ಮೇಜಿನ ಬಲ ತುದಿ ಇದ್ದಿಲಾಗಿತ್ತು. ಅಲ್ಲಿ ಚಾರ್ಜಿಗೆ ಇಟ್ಟಿದ್ದ ಗಾಲಿಕುರ್ಚಿಯ ಲಿಥಿಯಂ ಬ್ಯಾಟರಿ ಹೊಟ್ಟೆ ಸೀಳಿಕೊಂಡು ಬಿದ್ದಿತ್ತು. ಎಡ ತುದಿಯಲ್ಲಿ ಹೊಸ ಚಾರ್ಜರ್. ಮೈಯೆಲ್ಲ ಮಸಿ, ಆದರೆ ಇಡಿಯಾಗಿತ್ತು. ಮುಖದ ಮೇಲೆ ತಿರುಗಿಸುವ ಗುಂಡಿ. ಗುಂಡಿಯ ಸುತ್ತ ಮೂರು ಹೆಸರು: ಸೀಸ, ನಿಕಲ್, ಲಿಥಿಯಂ. ಸಿಕ್ಕಿಸಿದ ಬ್ಯಾಟರಿ ಯಾವ ಜಾತಿಯದೋ ಆ ಹೆಸರಿಗೆ ಗುಂಡಿಯ ಮುಳ್ಳನ್ನು ತಿರುಗಿಸಬೇಕು.

ಮುಳ್ಳು ನಿಕಲ್ ಮೇಲಿತ್ತು.

"ನೋಡಿದ್ರಾ ಮೇಡಂ?" ಎಂದ ಚಾರ್ಜರ್ ಕಂಪನಿಯ ಏಜೆಂಟ್. "ಲಿಥಿಯಂ ಬ್ಯಾಟರಿಗೆ ನಿಕಲ್ ಇಟ್ಟಿದ್ದಾರೆ. ನಮ್ಮ ಮಾಲಲ್ಲಿ ದೋಷ ಇಲ್ಲ. ಗ್ಯಾರಂಟಿ."

ಇನ್ಸ್‌ಪೆಕ್ಟರ್ ಮೇಡಂ ಬಗ್ಗಿ ನೋಡಿದರು. ಬರೆದುಕೊಂಡರು. ಅವರದು ಹೆಚ್ಚು ಮಾತಾಡುವ ಸ್ವಭಾವವಲ್ಲ.

ಬಾಗಿಲಲ್ಲಿ ಊಟದ ಡಬ್ಬಿ ಎದೆಗವಚಿಕೊಂಡು ಒಬ್ಬ ಹುಡುಗಿ ನಿಂತಿದ್ದಳು. ಆ ಮೇಜಿನ ಮುಂದೆ ಇಪ್ಪತ್ತೆರಡು ವರ್ಷದಿಂದ ಕೂತವಳ ಮಗಳು. ಡಿಗ್ರಿ ಮುಗಿದು ವರ್ಷವಾಗಿತ್ತು. ಬಾಯಿಂದ ಮಾತು ಹೊರಡಿಸುವುದೆಂದರೆ ಅವಳಿಗೆ ಹಲ್ಲು ಕೀಳಿಸಿದಂತೆ. ವರ್ಕ್‌ಶಾಪಿನ ಸ್ಟೋರ್ ನೋಡಿಕೊಳ್ಳುವ ಮಾಮ ಅವಳಿಗೆ ಪಿಸು ಎಂದೇ ಹೆಸರಿಟ್ಟಿದ್ದ.

ಪಿಸು ಎಲ್ಲರ ಹಾಗೆ ಮುಳ್ಳು ನೋಡಲಿಲ್ಲ. ಗುಂಡಿ ನೋಡಿದಳು. ಅಲ್ಲಿ ಏನೋ ಇರಬೇಕಿತ್ತು, ಇರಲಿಲ್ಲ.

ಟೇಪ್.

ಅಮ್ಮ ಟೇಪ್ ಹಚ್ಚದೆ ಯಾವ ಗುಂಡಿಯನ್ನೂ ಬಿಟ್ಟವಳಲ್ಲ. ಮನೆಯಲ್ಲಿ ಒಲೆಯ ಗುಂಡಿಗೆ ಟೇಪ್, ರೇಡಿಯೋದ ಗುಂಡಿಗೆ ಟೇಪ್. ಒಮ್ಮೆ ಅಪ್ಪ ಮೈಮರೆತು ಮಲಗಿದ್ದಾಗ ಕೈಗಡಿಯಾರಕ್ಕೂ ಟೇಪ್. "ಕೈ ತಪ್ಪಿ ತಿರುಗಬಾರದು" ಎಂಬುದೊಂದೇ ಅವಳ ಮಾತು. ವರ್ಕ್‌ಶಾಪಿನವರು ಅವಳನ್ನು ಟೇಪಕ್ಕ ಎನ್ನುತ್ತಿದ್ದುದು ಸುಮ್ಮನೆ ಅಲ್ಲ.

"ಯಾರಮ್ಮ ನೀನು? ಹೊರಗೆ ನಡಿ" ಎಂದ ಏಜೆಂಟ್.

ಪಿಸು ಹೊರಗೆ ನಡೆದಳು. ಆದರೆ ಮೆಟ್ಟಿಲು ಇಳಿಯಲಿಲ್ಲ.

*

ಟೇಪಕ್ಕ ಅಂಗಳದ ಕಟ್ಟೆಯ ಮೇಲೆ ಕೂತಿದ್ದಳು. ಕಣ್ಣು ಕಿರಿದು ಮಾಡಿಕೊಂಡಿದ್ದಳು. ಕನ್ನಡಕ ಒಳಗೇ ಉಳಿದಿತ್ತು.

"ಅಮ್ಮ, ಏನಾಯ್ತು?"

"ಇವತ್ತು ಬೆಳಿಗ್ಗೆ ಆ ಏಜೆಂಟು, ಗ್ಯಾರಂಟಿಯಪ್ಪ, ಒಂದು ಚಾರ್ಜರ್ ಕೊಟ್ಟ, ಪರೀಕ್ಷೆ ಮಾಡಿ ಅಂತ. ಚೆನ್ನಾಗಿದ್ರೆ ನಲವತ್ತು ಪೆಟ್ಟಿಗೆ ಇವತ್ತೇ ಹೋಗ್ಬೇಕು, ಗಾಲಿಕುರ್ಚಿ ಇರೋ ನಲವತ್ತು ಮನೆಗೆ. ಬ್ಯಾಟರಿ ಸಿಕ್ಕಿಸ್ದೆ. ಗುಂಡಿ ಸರಿಯಾಗೇ ಇಟ್ಟೆ. ಅರ್ಧ ಗಂಟೆ ಎದುರಿಗೇ ಕೂತಿದ್ದೆ. ಆಮೇಲೆ ನೀನು ಗೇಟಲ್ಲಿ ಕೂಗ್ದೆ."

"ನಾನು ಕೂಗ್ಲಿಲ್ಲಮ್ಮ. ಮೆಲ್ಲಗೆ ಕರ್ದೆ."

"ನೀನು ಕರೆದ್ರೆ ಗೇಟಿನ ತನಕ ಬಂದ್ರೇನೇ ಕೇಳ್ಸೋದು! ಅದಕ್ಕೇ ಬಂದೆ. ಡಬ್ಬಿಗೆ ಕೈ ಚಾಚೋಷ್ಟರಲ್ಲಿ ಢಬ್ ಅಂತು."

ಅಷ್ಟರಲ್ಲಿ ಬೆಂಕಿಗೆ ಮರಳು ಎರಚಿದ್ದವನು ಸ್ಟೋರ್ ಮಾಮ. ಅವನ ಬಲಗೈ ಸುಟ್ಟಿತ್ತು. ಈಗ ಬ್ಯಾಂಡೇಜು ಸುತ್ತಿಸಿಕೊಂಡು ಕಂಬದ ಹಿಂದೆ ನಿಂತಿದ್ದ. ಎಡಗೈ ಜೇಬಿನಲ್ಲಿತ್ತು. ಪಿಸು ತನ್ನತ್ತ ನೋಡಿದ್ದೇ ಜೇಬನ್ನು ಇನ್ನಷ್ಟು ಒತ್ತಿ ಹಿಡಿದ.

ಹೋದ ವಾರ ಅಮ್ಮನಿಗೂ ಅವನಿಗೂ ಜಗಳವಾಗಿತ್ತು. ಟೇಪಿನ ಸುರುಳಿ ಎಷ್ಟು ಕೊಟ್ಟರೂ ಸಾಲದು ಎಂದು ಅವನು ಹಾರಾಡಿದ್ದ. "ಒಂದಿನ ನಿನ್ನ ಟೇಪನ್ನೆಲ್ಲ ಒಟ್ಟು ಹಾಕಿ ಸುಟ್ಟುಬಿಡ್ತೀನಿ" ಎಂದಿದ್ದನ್ನು ಇಡೀ ವರ್ಕ್‌ಶಾಪ್ ಕೇಳಿತ್ತು. ಇನ್ಸ್‌ಪೆಕ್ಟರ್ ಕಿವಿಗೂ ಅದು ಬಿದ್ದಿತ್ತು.

ಪಿಸು ಎದ್ದು ಕಂಬದ ಹತ್ತಿರ ಹೋದಳು. ಮೈಯಲ್ಲಿದ್ದ ಧೈರ್ಯವನ್ನೆಲ್ಲ ಗಂಟಲಿಗೆ ತಂದುಕೊಂಡಳು.

"ಮಾಮ, ಜೇಬಲ್ಲಿ ಏನು?"

"ಏನೂ ಇಲ್ಲ."

"ತೋರ್ಸಿ."

"ಪಿಸು, ಹೋಗ್ ಆ ಕಡೆ."

"ಹೋಗಲ್ಲ."

ಮಾಮ ಅವಳ ಮುಖ ನೋಡಿದ. ಆ ಬಾಯಿಂದ ಅಂಥ ಮಾತು ಬಂದದ್ದು ಅದೇ ಮೊದಲು. ನಿಧಾನವಾಗಿ ಕೈ ಹೊರತೆಗೆದ. ಅಂಗೈಯಲ್ಲಿ ಅಮ್ಮನ ಕನ್ನಡಕ. ಒಂದು ಕಡ್ಡಿ ಕರಗಿ ಬಾಲದಂತೆ ಸುರುಳಿಯಾಗಿತ್ತು. ಎರಡು ಗಾಜೂ ಒಡೆದಿದ್ದವು.

"ಮರಳು ಎರಚೋವಾಗ ಸಿಕ್ತು. ನಿಮ್ಮಮ್ಮ ನೋಡಿದ್ರೆ ಎದೆ ಒಡ್ಕೋತಾಳೆ. ಇಂಥದ್ದೇ ಹೊಸದು ತಂದಿಟ್ಟು ಬಿಡೋಣ ಅಂತ..." ಒಡೆದ ಗಾಜನ್ನು ಅಂಗಿಗೆ ಒರೆಸಿದ. "ಜಗಳ ಬೇರೆ, ಇದು ಬೇರೆ."

ಪಿಸುವಿಗೆ ನಾಚಿಕೆಯಾಯಿತು. ಆದರೂ ಕೇಳಿದಳು. "ಬೆಂಕಿ ಆರಿದ್ಮೇಲೆ ಒಳಗೆ ಯಾರಿದ್ರು?"

"ನಾನು ಓಣಿಯಲ್ಲಿ ಮೇನ್ ಸ್ವಿಚ್ ಎಳೆದೇ ಒಳಗೆ ಬಂದಿದ್ದು. ಮರಳು ಹಾಕ್ದೆ. ಮೂಲೇಲಿದ್ದ ಮಾವನ್ನ ಹೊರಗೆ ಎಳೆದು ಹಾಕ್ದೆ. ಪಾಪ, ಆತ ಎಷ್ಟು ಭಾರ! ಅಷ್ಟರಲ್ಲಿ ಗ್ಯಾರಂಟಿಯಪ್ಪ ಬಂದ. ಎಲ್ಲ ಆಚೆ ನಡೀರಿ, ನಾನು ಮೇನ್ ಆಫ್ ಮಾಡಿ ಬರ್ತೀನಿ ಅಂದ."

ಮಾವ ಎಂದರೆ ಮನುಷ್ಯನಲ್ಲ, ಸೀಸದ ಬ್ಯಾಟರಿ. ಅದು ವರ್ಕ್‌ಶಾಪಿನ ಒಳಮಾತು. ಪಿಸು ಚಿಕ್ಕಂದಿನಿಂದ ಕೇಳಿದವಳು, ಆ ಕಡೆ ಲಕ್ಷ್ಯ ಕೊಡಲಿಲ್ಲ.

"ಮೇನ್ ಇರೋದು ಓಣಿಯಲ್ಲಿ ಅಲ್ವಾ?"

"ಹೌದು."

"ನೀವು ಆಗ್ಲೇ ಎಳೆದಿದ್ರಿ."

"ಹೌದಲ್ಲ!" ಎಂದ ಮಾಮ. "ಹಾಗಾದ್ರೆ ಅವನು ಒಳಗೆ ಏನು ಆಫ್ ಮಾಡ್ದ?"

*

ನಾಲ್ಕೂವರೆಗೆ ಒಂದು ಕಾಗದ ಬಂತು. ಟೇಪಕ್ಕನ ಹೇಳಿಕೆ ಎಂದು ಬರೆದ ಕಾಗದ. ಬರೆದವಳು ಮಾತ್ರ ಟೇಪಕ್ಕನಲ್ಲ. ಏಜೆಂಟಿನ ದೂರು ನೋಡಿಕೊಂಡು ಠಾಣೆಯ ರೈಟರ್ ತಯಾರು ಮಾಡಿದ್ದ. ಅವಳದು ಸಹಿ ಮಾತ್ರ ಬಾಕಿ.

"ಐದರೊಳಗೆ ಸಹಿ ಮಾಡಿ" ಎಂದರು ಇನ್ಸ್‌ಪೆಕ್ಟರ್. "ಒಪ್ಪಿದ್ರೆ ಅಜಾಗರೂಕತೆ, ಕೆಲಸ ಹೋಗತ್ತೆ, ಅಷ್ಟೇ. ಒಪ್ಪದಿದ್ರೆ ಒಬ್ಬರ ಕೈ ಸುಟ್ಟಿದೆ, ಕೇಸು ದೊಡ್ಡದಾಗತ್ತೆ."

"ಸಹಿ ಬಿದ್ದ ತಕ್ಷಣ ನನ್ನ ವ್ಯಾನ್ ಹೊರಡ್ಬೇಕು ಮೇಡಂ" ಎಂದ ಏಜೆಂಟ್. "ನಲವತ್ತು ಮನೆ ಕಾಯ್ತಿದೆ. ಮಾಲು ಚಿನ್ನ. ಗ್ಯಾರಂಟಿ."

"ನಂಗೆ ಕಣ್ಣು ಕಾಣ್ತಿಲ್ಲ" ಎಂದಳು ಟೇಪಕ್ಕ. "ಏನು ಬರ್ದಿದೆ ಅಂತ ಗೊತ್ತಾಗದೆ ನಾನು ಸಹಿ ಹಾಕಲ್ಲ. ಮಗಳೇ, ಓದು."

ಪಿಸು ಕಾಗದ ಹಿಡಿದಳು. ಏಜೆಂಟ್ ನಕ್ಕ. "ಈ ಮಗು ಓದಿ ನಾವು ಕೇಳೋದು ಯಾವಾಗ?"

ಪಿಸು ಓದಿದಳು. ಮೊದಲ ಸಾಲು ಪಿಸುಮಾತೇ. ಎರಡನೆಯದು ಸ್ವಲ್ಪ ಗಟ್ಟಿ. ಮೂರನೆಯದು ಎಲ್ಲರಿಗೂ ಕೇಳಿಸಿತು. "ಮಧ್ಯಾಹ್ನ ಹನ್ನೆರಡು ನಲವತ್ತಕ್ಕೆ ನನ್ನ ಅತ್ತೆಯ ಜೊತೆ ಫೋನಿನಲ್ಲಿ ಮಾತಾಡುವ ಅವಸರದಲ್ಲಿ, ಗುಂಡಿಯನ್ನು ತಪ್ಪಾಗಿ..."

ಟೇಪಕ್ಕ ಜೋರಾಗಿ ನಕ್ಕಳು.

"ಯಾಕಮ್ಮ ನಗ್ತೀರಿ?" ಇನ್ಸ್‌ಪೆಕ್ಟರ್ ಹುಬ್ಬು ಗಂಟಾಯಿತು.

"ನಮ್ಮತ್ತೆ ಸತ್ತು ಒಂಬತ್ತು ವರ್ಷ ಆಯ್ತು ಮೇಡಂ. ಅಲ್ಲಿಗೆ ಲೈನು ಸಿಗೋದಾದ್ರೆ ನಂಬರ್ ಕೊಡಿ. ಅವರು ಇಟ್ಟ ಒಡವೆ ಡಬ್ಬಿ ಇನ್ನೂ ಸಿಕ್ಕಿಲ್ಲ, ಕೇಳ್ಬೇಕು."

"ಮತ್ತೆ ಇದೇನು?" ಇನ್ಸ್‌ಪೆಕ್ಟರ್ ಫೈಲಿನಿಂದ ಸಣ್ಣ ಪ್ಲಾಸ್ಟಿಕ್ ಚೀಲ ತೆಗೆದರು. ಒಳಗೊಂದು ಬಿಳಿ ಟೇಪಿನ ತುಂಡು. ಮೇಲೆ ತೆಳುವಾದ ಮಸಿ, ಒಂದು ಅಂಚು ಕಂದಿತ್ತು. ಅದರ ಮೇಲೆ ನೀಲಿ ಶಾಯಿಯಲ್ಲಿ: ಅತ್ತೆ, ೧೨-೪೦.

"ನಿಮ್ಮ ಕೈಬರಹ ತಾನೇ? ಬಾಗಿಲ ಹತ್ತಿರ ನೆಲದ ಮೇಲೆ ಸಿಕ್ತು ಅಂತ ಈ ಏಜೆಂಟರೇ ತಂದುಕೊಟ್ಟರು."

ಟೇಪಕ್ಕನಿಗೆ ಕಾಣಲಿಲ್ಲ. ಪಿಸುವಿಗೆ ಕಂಡಿತು. ನೋಡುತ್ತಾ ನೋಡುತ್ತಾ ಅವಳ ಮುಖದ ಬಣ್ಣವೇ ಬದಲಾಯಿತು.

ಕಾಗದವನ್ನು ನಾಲ್ಕಾಗಿ ಮಡಿಸಿ ಊಟದ ಡಬ್ಬಿಯ ಕೆಳಗಿಟ್ಟಳು. "ಅಮ್ಮ ಸಹಿ ಹಾಕಲ್ಲ."

"ಅದನ್ನ ಹೇಳೋಕೆ ನೀನ್ಯಾರು?" ಏಜೆಂಟ್ ಗದರಿದ.

"ಮಗಳು" ಎಂದಳು. "ಮೇಡಂ, ಒಳಗೆ ಬನ್ನಿ. ಆ ಚೀಲಾನೂ ತನ್ನಿ. ಇವರನ್ನೂ ಕರ್ಕೊಂಡು ಬನ್ನಿ."

ಇನ್ಸ್‌ಪೆಕ್ಟರ್ ಗಡಿಯಾರ ನೋಡಿದರು. ಆಮೇಲೆ ಹುಡುಗಿಯನ್ನು ನೋಡಿದರು. ಎದ್ದರು.

*

ಹೊಗೆ ಈಗ ತೆಳುವಾಗಿತ್ತು. ಪಿಸು ಮೇಜಿನ ಎಡ ತುದಿಯಲ್ಲಿ ನಿಂತಳು.

"ಮಾಮ, ಮೂಲೇಲಿದ್ದ ಸೀಸದ ಬ್ಯಾಟರಿಗೆ ಇಲ್ಲಿ ಏನಂತೀರಿ?"

"ಮಾವ."

"ಯಾಕೆ?"

"ಭಾರ. ಕೂತಲ್ಲೇ ಕೂತಿರ್ತಾನೆ. ನಿಧಾನಕ್ಕೆ ಬಡಿಸಿದ್ರೆ ತಕರಾರಿಲ್ಲ."

"ನಿಕಲ್‌ಗೆ?"

"ಭಾವ. ಎಷ್ಟು ಬಡಿಸಿದ್ರೂ ತಿಂತಾನೆ. ಸಾಕಾದ್ರೆ ಮೈ ಬಿಸಿ ಮಾಡ್ಕೊಂಡು ತಲೆ ಸ್ವಲ್ಪ ಬಗ್ಗಿಸ್ತಾನೆ, ಅಂದ್ರೆ ವೋಲ್ಟೇಜ್ ಚೂರು ಇಳಿಯತ್ತೆ, ಆಗ ನಿಲ್ಲಿಸ್ಬೇಕು."

"ಲಿಥಿಯಂಗೆ?"

ಮಾಮ ಚಟ್ಟನೆ ಚೀಲದ ಟೇಪಿನ ಕಡೆ ತಿರುಗಿದ. ಬಾಗಿಲಲ್ಲಿದ್ದ ಟೇಪಕ್ಕ ಉತ್ತರ ಕೊಟ್ಟಳು. "ಅತ್ತೆ. ಅಳತೆ ಮೀರಿ ಒಂದು ತುತ್ತು ಹೆಚ್ಚಾದ್ರೂ ಮನೆಗೇ ಬೆಂಕಿ."

"ಗುಂಡಿ ಇಟ್ಟ ಮೇಲೆ ಅಮ್ಮ ಅದರ ಮೇಲೆ ಟೇಪ್ ಹಚ್ತಾಳೆ. ಯಾವ ಜಾತಿ, ಎಷ್ಟು ಹೊತ್ತಿಗೆ ಅಂತ ಬರೀತಾಳೆ" ಎಂದಳು ಪಿಸು. "ಅತ್ತೆ, ೧೨-೪೦. ಅಂದ್ರೆ ಹನ್ನೆರಡು ನಲವತ್ತಕ್ಕೆ ಲಿಥಿಯಂ. ಇದು ಫೋನಿನ ಚೀಟಿ ಅಲ್ಲ ಮೇಡಂ. ಈ ಗುಂಡಿ ಮೇಲಿದ್ದ ಟೇಪು."

ಇನ್ಸ್‌ಪೆಕ್ಟರ್ ಟಾರ್ಚ್ ಹಚ್ಚಿ ಬಗ್ಗಿದರು. ಫಲಕದ ಮೇಲೆ ಲಿಥಿಯಂ ಎಂಬ ಹೆಸರಿನ ಪಕ್ಕದಲ್ಲೇ ಮಸಿ ಹತ್ತದ ಒಂದು ಬಿಳಿ ಪಟ್ಟಿ. ಪಟ್ಟಿಯ ತುದಿಯಲ್ಲಿ ಉಗುರಿನಷ್ಟು ಟೇಪು ಇನ್ನೂ ಕಚ್ಚಿಕೊಂಡಿತ್ತು. ಗುಂಡಿಯ ಮೇಲೂ ಅಂಥದ್ದೇ ಬಿಳಿ ಪಟ್ಟಿ. ಗುಂಡಿಯನ್ನು ಲಿಥಿಯಂ ಕಡೆ ತಿರುಗಿಸಿದಾಗ ಎರಡೂ ಒಂದೇ ಗೆರೆಯಾದವು. ನಿಕಲ್ ಕಡೆ ತಿರುಗಿಸಿದಾಗ ಮುರಿದವು. ಚೀಲದ ಟೇಪಿನ ಹರಿದ ಅಂಚು ಉಗುರಿನಷ್ಟು ತುಂಡಿಗೆ ಹಲ್ಲಿಗೆ ಹಲ್ಲು ಕೂತಿತು.

"ಬೆಂಕಿ ಹತ್ತಿದಾಗ ಮುಳ್ಳು ಲಿಥಿಯಂ ಮೇಲಿತ್ತು" ಎಂದರು ಇನ್ಸ್‌ಪೆಕ್ಟರ್. "ಆಮೇಲೆ ಯಾರೋ ಟೇಪ್ ಕಿತ್ತು ತಿರುಗಿಸಿದ್ದಾರೆ."

"ಕಿತ್ತ ಟೇಪನ್ನ ಬಿಸಾಕಬಹುದಿತ್ತು" ಎಂದಳು ಪಿಸು. "ಅತ್ತೆ ಅಂತ ಓದಿ, ಹೆಂಗಸಿನ ಮನೆ ಪುರಾಣ ಅಂದ್ಕೊಂಡ್ರು. ಅಮ್ಮನ ತಲೆಗೆ ಇನ್ನೊಂದು ತಪ್ಪು ಕಟ್ಟೋಕೆ ಬರತ್ತೆ ಅಂತ ತಾವೇ ಪೊಲೀಸರ ಕೈಗೆ ಕೊಟ್ಟರು."

ಏಜೆಂಟ್ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ. "ನೆಲದ ಮೇಲೆ ಸಿಕ್ತು ಅಂದ್ನಲ್ಲ. ಮರಳು ಎರಚಿದೋನು ಕಿತ್ತಿರಬಹುದು."

"ಆ ನೆಲದ ತುಂಬ ಮರಳಿದೆ. ಟೇಪಿನ ಅಂಟಿಗೆ ಒಂದು ಕಾಳು ಮರಳಾದ್ರೂ ಹತ್ತಿದೆಯಾ ನೋಡಿ ಮೇಡಂ."

ಒಂದೂ ಇರಲಿಲ್ಲ.

"ಸರಿಯಮ್ಮ ಜಾಣೆ!" ಏಜೆಂಟ್ ದನಿ ಏರಿಸಿದ. "ಗುಂಡಿ ಲಿಥಿಯಂ ಮೇಲೇ ಇತ್ತು ಅನ್ನು. ಹಾಗಾದ್ರೆ ಬ್ಯಾಟರಿ ಯಾಕೆ ಸಿಡೀತು? ಹೇಳು!"

ಪಿಸುವಿಗೆ ಅದು ಗೊತ್ತಿರಲಿಲ್ಲ. ಅಮ್ಮನ ಕಡೆ ತಿರುಗಿದಳು.

ಟೇಪಕ್ಕ ಗೋಡೆ ತಡವಿಕೊಂಡು ಒಳಗೆ ಬಂದಳು. ತಡೆಯಲು ಬಂದ ಏಜೆಂಟಿನ ಕೈಯನ್ನು ನೊಣ ಓಡಿಸಿದ ಹಾಗೆ ಸರಿಸಿದಳು. ಗುಂಡಿ ಹಿಡಿದು ಅಲುಗಿಸಿದಳು. ಅದರ ಟೋಪಿ ಟಕ್ ಎಂದು ಕಿತ್ತು ಬಂತು.

"ಒಳಗಿನ ಕಡ್ಡಿ ಮೇಲೆ ಒಂದು ಗೀರು ಇರತ್ತೆ. ಅದು ಎಲ್ಲಿ ತೋರಿಸ್ತಿದೆ ನೋಡಿ."

ಇನ್ಸ್‌ಪೆಕ್ಟರ್ ನೋಡಿದರು. ಟೋಪಿಯ ಮುಳ್ಳು ನಿಕಲ್ ಮೇಲಿತ್ತು. ಒಳಗಿನ ಗೀರು ಸೀಸದ ಕಡೆಗಿತ್ತು.

"ಒಂದು ಮನೆ ಹಿಂದೆ" ಎಂದಳು ಟೇಪಕ್ಕ. ಈಗ ಅವಳ ದನಿಯಲ್ಲಿ ನಗುವಿರಲಿಲ್ಲ. "ಟೋಪೀನ ಒಂದು ಹಲ್ಲು ತಪ್ಪಿಸಿ ಕೂರಿಸಿದ್ದಾರೆ. ಮುಳ್ಳು ಲಿಥಿಯಂ ಅನ್ನತ್ತೆ, ಒಳಗೆ ನಿಕಲ್ ಓಡ್ತಿರತ್ತೆ. ಭಾವ ತಲೆ ಬಗ್ಗಿಸ್ಲಿ ಅಂತ ಚಾರ್ಜರ್ ಕಾಯ್ತಾ ಬಡಿಸ್ತಾನೇ ಇರತ್ತೆ. ಎಲೆ ಮುಂದೆ ಕೂತಿರೋದು ಅತ್ತೆ. ಅವಳು ತಲೆ ಬಗ್ಗಿಸೋಳಲ್ಲ. ಸಿಡೀತಾಳೆ."

ಮಾಮ ತನ್ನ ಬ್ಯಾಂಡೇಜಿನ ಕೈ ನೋಡಿಕೊಂಡ.

"ಇವರಿಗೆ ಇದು ಮೊದಲೇ ಗೊತ್ತಿತ್ತು ಮೇಡಂ" ಎಂದಳು ಪಿಸು. "ಗೊತ್ತಿಲ್ಲದವರು ಬೆಂಕಿ ಆರಿದ ತಕ್ಷಣ ಬಂದು ಗುಂಡಿ ತಿರುಗಿಸಲ್ಲ. ಆಗ್ಲೇ ಆಫ್ ಆಗಿದ್ದ, ಆಚೆ ಓಣಿಯಲ್ಲಿರೋ ಮೇನ್ ಆಫ್ ಮಾಡ್ತೀನಿ ಅಂತ ಒಳಗೆ ಒಬ್ಬರೇ ಉಳಿಯಲ್ಲ. ವ್ಯಾನ್ ತೆಗೆಸಿ."

ವ್ಯಾನ್ ತೆಗೆಸಿದರು. ನಲವತ್ತು ಪೆಟ್ಟಿಗೆಗಳಲ್ಲಿ ಮೊದಲ ಐದನ್ನು ಬಿಚ್ಚಿದಾಗಲೇ ಎರಡರ ಗೀರು ಹಿಂದಿತ್ತು. ಸೀಟಿನ ಕೆಳಗೆ ಬೇರೆ ಊರಿನಿಂದ ವಾಪಸು ಬಂದ ಒಂದು ಚಾರ್ಜರ್, ಅದರ ಜೊತೆ ಒಂದು ಚೀಟಿ: ಲಿಥಿಯಂಗೆ ಇಟ್ಟರೆ ಬ್ಯಾಟರಿ ಊದಿಕೊಳ್ಳುತ್ತದೆ, ದಯವಿಟ್ಟು ಯಾರಿಗೂ ಮಾರಬೇಡಿ. ತಾರೀಖು ಎರಡು ತಿಂಗಳ ಹಿಂದಿನದು.

ಇನ್ಸ್‌ಪೆಕ್ಟರ್ ಚೀಟಿಯನ್ನು ಏಜೆಂಟಿನ ಮೂಗಿನ ಮುಂದೆ ಹಿಡಿದರು. "ಇದಕ್ಕೇನಂತೀರಿ?"

ಗ್ಯಾರಂಟಿಯಪ್ಪ ಗ್ಯಾರಂಟಿ ಎನ್ನುವುದನ್ನೇ ಮರೆತು ಚೀಟಿ ಕಸಿಯಲು ಕೈ ಚಾಚಿದ. ವರ್ಕ್‌ಶಾಪಿನವರು ಅವನನ್ನು ಹಾಗೆ ನೋಡಿದ್ದೇ ಮೊದಲು.

*

ಜೀಪು ಬಂತು. ಏಜೆಂಟ್ ಹಿಂದೆ ಹತ್ತಿದ. ಮಸಿ ಹಿಡಿದ ಚಾರ್ಜರನ್ನು ಪೆಟ್ಟಿಗೆಗೆ ಹಾಕಿದ್ದಾಯಿತು. ಮೊಹರು ಮಾಡಲು ರೈಟರ್ ಏನನ್ನೂ ತಂದಿರಲಿಲ್ಲ.

ಟೇಪಕ್ಕ ಸೊಂಟದ ಚೀಲದಿಂದ ಬಿಳಿ ಸುರುಳಿ ತೆಗೆದಳು. ಅಂದಾಜಿನ ಮೇಲೇ ಸರ್ರನೆ ಎಳೆದು, ಹಲ್ಲಲ್ಲಿ ಕಚ್ಚಿ, ಪೆಟ್ಟಿಗೆಯ ಬಾಯಿಗೆ ಬಿಗಿದಳು.

"ಇನ್ನೊಂದು ಸುರುಳಿ ಬೇಕಾದ್ರೂ ಕೊಡ್ತೀನಿ" ಎಂದ ಮಾಮ. "ಇವತ್ತು ಮಾತ್ರ."

ಇನ್ಸ್‌ಪೆಕ್ಟರ್ ಡಬ್ಬಿಯ ಕೆಳಗಿದ್ದ ಕಾಗದ ಎಳೆದು ಎರಡಾಗಿ ಹರಿದರು. ಕ್ಷಮಿಸಿ ಎನ್ನುವುದು ಅವರಿಗೂ ಅಭ್ಯಾಸವಿರಲಿಲ್ಲ. ಪೆನ್ನು ತೆಗೆದು ಪೆಟ್ಟಿಗೆಯ ಕಡೆ ಬಗ್ಗಿದರು.

"ಇದರ ಮೇಲೆ ಏನು ಬರೀಲಿ?"

"ಕೊಡಿ" ಎಂದಳು ಪಿಸು. ಪೆನ್ನು ತೆಗೆದುಕೊಂಡು ಟೇಪಿನ ಮೇಲೆ ಅಮ್ಮನ ಹಾಗೆಯೇ ಜಾತಿಯನ್ನೂ ಹೊತ್ತನ್ನೂ ದಪ್ಪ ಅಕ್ಷರದಲ್ಲಿ ಬರೆದಳು. ಅಮ್ಮನಿಗೆ ಕಣ್ಣು ಕಾಣದು ಎಂದು, ಗೇಟಿನ ಆಚೆ ನಿಂತ ಜೀಪಿಗೂ ಕೇಳುವಷ್ಟು ಗಟ್ಟಿಯಾಗಿ ಓದಿ ಹೇಳಿದಳು:

"ಅತ್ತೆ, ೫-೧೦!"