ಇರುವಿ ಹತ್ತಲಾರದ ಇಟ್ಟಂಗಿ

ಜಡೆಪ್ಪ ಒಂದು ಇಟ್ಟಂಗಿ ಎತ್ತಿದ. ಕೈಯಾಗ ಪುಡಿಪುಡಿ! ಇನ್ನೊಂದು ಎತ್ತಿದ — ಅದೂ ಹಂಗ. ಒಟ್ಟಿದ್ದ ಮಾಲೆಲ್ಲಾ ಹುರಿಹಿಟ್ಟು!

ಕಂಪ್ಲ್ಯಾಗ ಅವನ ರೈಸ್‌ಮಿಲ್ಲಿನ ಅಂಗಳ. ಸಂಡೂರು ಮೈನ್ಸಿನೋರು ಮಾಲು ನೋಡಾಕ ಬರೋ ದಿನ. ಭತ್ತದ ಹೊಟ್ಟಿನ ಬೂದಿ, ಗಣಿ ಕೆಮ್ಮಣ್ಣು, ಸಿಮೆಂಟು ಕಲಸಿ, ಸುಡಲಾರದ ಮಾಡಿದ ಇಟ್ಟಂಗಿ. ಬೂದಿ, ಜಾಗ ಜಡೆಪ್ಪಂದು. ವಿದ್ಯೆ ಯೂನಿವರ್ಸಿಟಿ ಪ್ರೊಫೆಸರ್ ಹಾಲೇಶಂದು. ಪೇಟೆಂಟಿನಾಗ ಇಬ್ಬರದ ಹೆಸರು.

ಹೊನ್ನೂರುಸ್ವಾಮಿನ ಕರೆಸಿದ್ರು. ರಿಟೈರ್ಡ್ ಪೊಲೀಸ್ ದಫೇದಾರ, ನನ್ನ ದೋಸ್ತ. ನಾನೂ ಬೆನ್ನು ಹತ್ತಿದೆ. ಕರೀಲಾರದ ಹೋಗೋ ಚಟ ನಂದು, ಏನ್ಮಾಡ್ತೀರಿ?

"ಯಾರ ಮ್ಯಾಲ ಡೌಟು, ಸಾವ್ಕಾರ್ರ?"

"ಮತ್ತ್ಯಾರು? ಗಾದಿಗನೂರು ಇಟ್ಟಂಗಿ ಭಟ್ಟಿ ಹುಲಿಗೇಶ! ಇದು ಗೆದ್ರ ಅವನ ಇಟ್ಟಂಗಿ ಯಾರು ಕೊಳ್ತಾರ?"

ಹೇಳಿಕಳಿಸಿದ್ರ, ಹುಲಿಗೇಶ ಬಂದೋನ ಎಗರಿದ. "ನಾನಾ? ನಾ ಕೆಡಸಬೇಕಂದ್ರ ಹಗಲೊತ್ತಿನಾಗ ಲಾರಿ ಹತ್ತಸ್ತಿದ್ದೆ. ಕಳ್ಳಾಟ ನಮ್ಮ ವಂಶದಾಗಿಲ್ಲ!"

ಹಾಲೇಶ್ ಕನ್ನಡಕ ಒರೆಸಿದ. "ಬೂದಿನ ಕಳಪೆ ಇರಬೇಕು."

"ನನ್ನ ಬೂದಿ ಕಳಪೆನಾ? ನಿಮ್ಮ ವಿದ್ಯೆ ಕಳಪೆ!" ಅಂದ ಜಡೆಪ್ಪ.

ಮೂಲ್ಯಾಗ ಗಂಗೋತ್ರಿ ನಿಂತಿದ್ಲು — ಹಾಲೇಶನ ಕೈಕೆಳಗಿನ ಪಿಎಚ್‌ಡಿ ಹುಡುಗಿ. ಬೂದಿ ಜರಡಿ ಹಿಡದು ಹಿಡದು ಅಂಗೈ ಬಿರದಿದ್ವು.

ಹೊನ್ನೂರುಸ್ವಾಮಿ ಕುಕ್ಕರಗಾಲಿಲೆ ಕುಂತ. "ಈ ಪುಡಿಗೆ ಇಷ್ಟು ಇರುವಿ ಯಾಕ ಮುತ್ಯಾವು? ಬೆಲ್ಲ! ಕಲಸೋ ನೀರಿಗೆ ಬೆಲ್ಲ ಹಾಕ್ಯಾರ. ಬೆಲ್ಲ ಬಿದ್ರ ಸಿಮೆಂಟು ಬಿಗಿಯಂಗಿಲ್ಲ — ಯಾವ ಗೌಂಡಿನರ ಕೇಳ್ರಿ."

"ಹುಲಿಗೇಶನ ಮತ್ತ!" ಅಂದ ಜಡೆಪ್ಪ.

"ತಡೀರಿ. ಇರುವಿ ಎಲ್ಲಾರೂ ನೋಡಿದ್ರಿ. ಇರುವಿ ಹತ್ತಲಾರದ್ದನ್ನ ಯಾರರ ನೋಡಿದ್ರಿ?"

ತಳದಾಗಿನ ಒಂದು ಇಟ್ಟಂಗಿ ಎಳದು, ಕಲ್ಲಿನ ಮ್ಯಾಲ ಒಗದ. ಠಣ್! ಒಂದು ಚೂರೂ ಹಾರಲಿಲ್ಲ.

"ವೈರಿ ಆಗಿದ್ರ ಎಲ್ಲಾನೂ ಕೆಡಸ್ತಿದ್ದ. ಇದೊಂದನ್ನ ಒಳ್ಳೆ ನೀರಾಗ ಕಲಸಿ ಉಳಿಸ್ಯಾರ. ಅಷ್ಟು ಸಂಕಟ ಯಾರಿಗೈತಿ? ಹೆತ್ತ ಕರುಳಿಗೆ, ಅಂಗೈ ಬಿರದಾಕಿಗೆ. ಹೌದಲ್ಲವ್ವಾ, ಗಂಗೋತ್ರಿ?"

ಆಕಿ ತಲಿ ಎತ್ತಿದ್ಲು. "ಹೌದ್ರಿ. ನಾನ ಹಾಕಿದ್ದು. ಈ ಇಟ್ಟಂಗಿ ಕಂಡುಹಿಡದಾಕಿನೂ ನಾನ. ಪೇಟೆಂಟಿನಾಗ ನನ್ನ ಹೆಸರು ಯಾಕ ಬಿಟ್ರಿ ಸರ್ ಅಂದ್ರ, 'ಇಂಡಸ್ಟ್ರಿ ಜೋಡಿ ಕೆಲಸ ಅಂದ್ರ ಹಂಗಮ್ಮ, ಹುಡುಗರ ಹೆಸರು ಹಾಕಂಗಿಲ್ಲ' ಅಂದ್ರು."

"ಪೊಲೀಸ್ರಿಗೆ ಕೊಡ್ರಿ ಇಕಿನ್ನ!" ಹಾಲೇಶ್ ಚೀರಿದ.

"ಕೊಡ್ರಿ. ನಾ ಓಡಿ ಹೋಗಂಗಿಲ್ಲ. ನೀವು ಬೀಳೋದು ನೋಡಾಕನ ನಿಂತೀನಿ."

ಅಷ್ಟರಾಗ ಗೇಟಿನಾಗ ಜೀಪು. ಸಂಡೂರಿನೋರು ಇಳದ್ರು.

ಜಡೆಪ್ಪ ಹಾಲೇಶನ ರಟ್ಟೆ ಹಿಡದ. "ಪೊಲೀಸ್ರು ಆಮ್ಯಾಲ. ಜಲ್ದಿ, ಅವರ ಮುಂದ ಹೊಸ ಮಾಲು ಕಲಸ್ರಿ ಸರ್!"

ಹಾಲೇಶ್ ಬೂದಿ ಚೀಲ ನೋಡಿದ. ಮಣ್ಣಿನ ಗುಡ್ಡಿ ನೋಡಿದ. ಮೆಲ್ಲಗ ಗಂಗೋತ್ರಿ ಕಡೆ ಸರದ. "ಯಾವುದು... ಎಷ್ಟೆಷ್ಟಮ್ಮ?"

ಆಕಿ ಸಲಿಕಿ ತಂದು ಅವನ ಕೈಯಾಗಿಟ್ಲು.

"ಪೇಟೆಂಟು ನಿಮ್ದೈತಲ್ಲರೀ ಸರ್. ಕಲಸ್ರಿ."