ನೀಲಿ ಪಟ್ಟಿಯ ಪಾತ್ರೆ

"ಆ ಪಾತ್ರೆ ಮುಟ್ಬೇಡಿ!"

ಮಾಂಸ ಬೇಯಿಸಲೆಂದು ಚಾಚಿದ ಕೈಯನ್ನು ಫೋಲಾಕೆ ಥಟ್ಟನೆ ಹಿಂದೆಳೆದುಕೊಂಡಳು. ನನ್ನ ಕೈ ಕಪ್ಪೆಂದೇ ಅಲ್ಲವೇ...?

ಕೊರೋನಾ ಲಾಕ್‌ಡೌನಿನ ಮೊದಲ ವಾರ. ಮನೆಯೊಳಗೇ ಉಳಿದ ವೃದ್ಧರಿಗೆ ಊಟ ಕಳಿಸಲು ಫೋಲಾಕೆಯ, ನೈಜೀರಿಯಾ ಮೂಲದವರ ಚರ್ಚೂ ಯಹೂದಿಗಳ ಸಭೆಯೂ ಕ್ಯಾಸಲ್‌ನಾಕ್ ಬಡಾವಣೆಯ ಒಂದೇ ಅಡುಗೆಮನೆಯಲ್ಲಿ ಕೂಡಿದ್ದವು. ಕೂಗಿದವನು ಯಹೂದಿ ತರುಣ ಏತಾನ್. ಮಾಸ್ಕಿನ ಮೇಲಣ ಅವನ ಕಣ್ಣುಗಳು ನಾಚಿಕೆಯಿಂದ ತಗ್ಗಿದವು.

"ಕ್ಷಮಿಸಿ. ಹಾಲಿನ ಪಾತ್ರೇಲಿ ಮಾಂಸ ಬೇಯಿಸೋದು ನಮಗೆ ನಿಷಿದ್ಧ. ನೀಲಿ ಪಟ್ಟಿ ಕಟ್ಟಿರೋದು ಹಾಲಿಗೆ, ಕೆಂಪು ಮಾಂಸಕ್ಕೆ."

"ಅಷ್ಟನ್ನ ಮೆಲ್ಲಗೆ ಹೇಳ್ಬಹುದಿತ್ತಲ್ಲ!"

ಅಂದಿನಿಂದ ಅವರ ಮಡಿಯನ್ನು ಅವಳು ತನ್ನದೇ ವ್ರತದಂತೆ ಪಾಲಿಸಿದಳು. ಯಹೂದಿಯೇ ಹೊತ್ತಿಸಬೇಕೆಂಬ ನಿಯಮದಂತೆ ಒಲೆ ಹೊತ್ತಿಸುವುದು ಅವನ ಕೆಲಸ, ಬೇಯಿಸುವುದು ಅವಳದು. ಎರಡು ಮೀಟರ್ ದೂರದಲ್ಲಿ ನಿಂತೇ ಹೃದಯಗಳು ಹತ್ತಿರವಾದವು.

"ಉಪ್ಪು ಹೇಗಿದೆ?"

"ಗ್ರ್ಯಾಂಡ್! ಸರಿಯಾಗಿದೆ. ಖಾರ ಹಾಕುವಾಗ ಮಾತ್ರ ನಮ್ಮಜ್ಜಿ ಮೇಲೆ ಕನಿಕರ ಇರ್ಲಿ."

ಒಂದು ಶುಕ್ರವಾರ ಮಧ್ಯಾಹ್ನ ಕೋಳಿ ಸಾರಿನ ಡಬ್ಬಿಗಳು ವ್ಯಾನ್ ಏರಿದ್ದವು. ಸಾರಿನ ಪಾತ್ರೆ ತೊಳೆಯುತ್ತಿದ್ದವಳ ಬೆರಳಿಗೆ ಅಂಚಿನ ನೆಗ್ಗು ತಾಗಿತು. ಹಾಲಿನ ಪಾತ್ರೆಗೆ ಮಾತ್ರ ಇದ್ದ ನೆಗ್ಗು! ಬೆಳಿಗ್ಗೆ ಹಾಲಿನ ಗಂಜಿ ಬೆಂದದ್ದು ಇದರಲ್ಲೇ. ಬಳಿಕ ಪಟ್ಟಿಗಳನ್ನು ಒಗೆದು ಕಟ್ಟುವಾಗ ತಾನೇ ಅದಲುಬದಲು ಮಾಡಿದ್ದಳು.

"ಹೊರಡ್ಲಾ?" ಬಾಗಿಲಲ್ಲಿ ಏತಾನ್.

ಹೇಳಿದರೆ... 'ಇವರನ್ನು ನಂಬಿ ಕೆಟ್ಟೆವು' ಎಂದು ಅವರ ಹಿರಿಯರು ಅಂದರೆ? ಕೂಡಿದ ಎರಡು ಸಮುದಾಯಗಳು ನನ್ನಿಂದ ಬೇರೆಯಾದರೆ?

"ಹ್ಞೂಂ," ಎಂದಳು.

ವ್ಯಾನಿನ ಸದ್ದು ಅಡಗಿದಂತೆ ಆ ಒಂದು ಮಾತು ಎದೆಯಲ್ಲಿ ಕೆಂಡವಾಯಿತು. ಜನ್ಮವಿಡೀ ಆಚಾರ ಕಾಯ್ದ ಜೀವಗಳಿಗೆ ಅವರರಿಯದಂತೆ ವ್ರತಭಂಗವೇ? ಅದೂ ತಾನು ಪ್ರೀತಿಸಿದವನ ಕೈಯಿಂದಲೇ!

ಏತಾನ್‌ಗೆ ಫೋನ್ ಮಾಡಿದಳು. "ಯಾರಿಗೂ ಕೊಡ್ಬೇಡಿ! ಪಾತ್ರೆ ಬದಲಾಗಿದೆ, ತಪ್ಪು ನಂದು. ನೀವು ಹೊರಡುವಾಗ್ಲೇ ಗೊತ್ತಿತ್ತು... ಸುಮ್ನಿದ್ದೆ."

"ವ್ಯಾನ್ ತಿರುಗಿಸ್ತೀನಿ," ಎಂದ.

ಅವನು ಮರಳಿದಾಗ ಡಬ್ಬಿಗಳೆಲ್ಲ ಹಾಗೇ ಇದ್ದವು.

"ಇದನ್ನ ನಿಮ್ಮ ಚರ್ಚಿನ ಹಿರಿಯರಿಗೆ ಕಳಿಸೋಣ. ನಮ್ಮೋರಿಗೆ ಹೊಸ ಟ್ರೇಲಿ ಮೀನು. ಬೇಗ! ಸೂರ್ಯ ಮುಳುಗಿದ್ರೆ ಸಬ್ಬತ್, ನಮ್ಮ ವಿಶ್ರಾಂತಿಯ ದಿನ; ಒಲೆ ಹಚ್ಚೋ ಹಾಗಿಲ್ಲ."

"ಕೋಪ ಇಲ್ವಾ?"

"ನೀವು ಸುಮ್ನಿದ್ದದ್ದಕ್ಕೆ ನೋವಾಯ್ತು. ಆದ್ರೆ ಹೇಳೋಕೆ ಹೆದರೋ ಹಾಗೆ ಮಾಡಿದ್ದು ಮೊದಲ ದಿನದ ನನ್ನ ಕೂಗು. ಅದು ದಿನಾ ನನ್ನನ್ನ ಸುಡ್ತಿದೆ, ಫೋಲಾಕೆ... ನಿನ್ನನ್ನ ಪ್ರೀತಿಸ್ತೀನಿ."

ಅವಳ ಮಾಸ್ಕು ಕಣ್ಣೀರಿನಿಂದ ಒದ್ದೆಯಾಯಿತು. "ನಾನೂ... ಆದ್ರೆ ಆ ಪಾತ್ರೆ?"

"ಒಂದು ದಿನ ಬಳಸದೆ ಇಟ್ಟು, ತುಂಬ ನೀರು ಕುದಿಸಿದ್ರೆ ಶುದ್ಧ. ನಾಳೆ ಸಬ್ಬತ್ ಮುಗಿದ್ಮೇಲೆ ಬರ್ತೀಯಾ?"

"ಬರ್ತೀನಿ. ಪಟ್ಟಿ ಮಾತ್ರ ನೀನೇ ಕಟ್ಟು."

"ಇಲ್ಲ," ಅವನ ಕಣ್ಣುಗಳು ನಕ್ಕವು. "ನೀನೇ ಕಟ್ಬೇಕು."