ಮೆಟ್ಟಿಲ ಕೆಳಗಿನ ದನಿ

ಯಾರವಳು?!

ಖಾನಾಪುರದ ಪ್ರಾರ್ಥನಾಲಯದ ಗೇಟಿನಲ್ಲಿ ಸಮೃದ್ಧಿಯ ವೀಲ್‌ಚೇರ್ ತಟ್ಟನೆ ನಿಂತಿತು. ಮೆಟ್ಟಿಲ ಮೇಲೆ ಅಮರ ಯಾವುದೋ ಹುಡುಗಿಯ ಮೊಬೈಲಿನತ್ತ ತಲೆ ಬಗ್ಗಿಸಿ ನಗುತ್ತಿದ್ದ. ಅವಳೂ ನಗುತ್ತಿದ್ದಳು. ಅದೂ ತನ್ನೆರಡು ಕಾಲ ಮೇಲೆ ನಿಂತುಕೊಂಡು!

ಸಮೃದ್ಧಿ ಸೆರಗೆಳೆದು ತನ್ನ ಕಾಲು ಮುಚ್ಚಿಕೊಂಡಳು.

ಲೋಂಡಾ ರಸ್ತೆಯಲ್ಲಿ ಸ್ಕೂಟರ್ ಉರುಳಿ ಕಾಲುಗಳ ಸ್ವಾಧೀನ ಹೋದಾಗ, ಅವಳು ನೆಹರು ನಗರದ ಆಸ್ಪತ್ರೆಯಲ್ಲಿ ಗೋಡೆಯತ್ತ ತಿರುಗಿ ಮಲಗಿದ್ದಳು. ಅಲ್ಲಿ ನರ್ಸ್ ಆಗಿದ್ದ ಅಮರ ಪಾಳಿ ಮುಗಿಸಿ ಅವಳಿಗಾಗಿ ಮೆಲ್ಲಗೆ ಪ್ರಾರ್ಥಿಸುತ್ತಿದ್ದ. ಒಂದು ದಿನ ಅವಳೂ "ಆಮೆನ್" ಎಂದಳು. ಅಂದಿನಿಂದ ಪ್ರತಿ ರವಿವಾರ ಶಿವಬಸವ ನಗರದ ತನ್ನ ಮನೆಯಿಂದ ರಿಕ್ಷಾದಲ್ಲಿ ಇಲ್ಲಿಗೆ ಬರುತ್ತಾಳೆ. ಅಮರ ಅವಳನ್ನು ಎತ್ತಿ ಒಳಗೆ ಕೂರಿಸುತ್ತಾನೆ, ಪಾಸ್ಟರರ ಮರಾಠಿ ಬೋಧನೆಯನ್ನು ಮರಾಠಿ ಬಾರದವರಿಗಾಗಿ ಸಾಲುಸಾಲಾಗಿ ಕನ್ನಡದಲ್ಲಿ ಹೇಳುತ್ತಾನೆ.

"ನೀ ಹೋಗೂದು ದೇವರ ಸಲುವಾಗಿಯೋ, ಆ ಹುಡುಗನ ಸಲುವಾಗಿಯೋ?" ಅವ್ವ ಶಿವಲಿಂಗವ್ವ ಕೇಳಿದ್ದಳು. ಉತ್ತರ ಸಮೃದ್ಧಿಗೇ ಗೊತ್ತಿರಲಿಲ್ಲ.

"ಸ್ವಲ್ಪ ತಡಿ ಸಮೃದ್ಧಿ, ಬಂದೆ!" ಅಮರ ಕೈಬೀಸಿ ಆ ಹುಡುಗಿಯ ಸ್ಕೂಟರ್ ಏರಿ ಹೊರಟೇಬಿಟ್ಟ.

ಓಹೋ! ನನ್ನನ್ನು ಎತ್ತಿ ಎತ್ತಿ ಸಾಕಾಯಿತೇನೋ... ಈಗ ಓಡಾಡುವವಳೇ ಬೇಕು!

"ನಾವ ಎತ್ತೂಣೇನವ್ವಾ?" ಮುದುಕಿ ಕಾಡವ್ವ ಕೇಳಿದಳು.

"ಬ್ಯಾಡ್ರಿ." ಸಮೃದ್ಧಿ ಕುರ್ಚಿಯನ್ನು ಮೆಟ್ಟಿಲ ಬುಡಕ್ಕೆ ತಳ್ಳಿಕೊಂಡು ಅಲ್ಲೇ ನಿಲ್ಲಿಸಿದಳು.

ಒಳಗೆ ಬೋಧನೆ ಶುರುವಾಯಿತು. ಕನ್ನಡ ಹೇಳುವವನೇ ಇಲ್ಲ! ಕಾಡವ್ವ ಮತ್ತೆ ಬಾಗಿಲಿಗೆ ಬಂದಳು. "ಪಾಸ್ಟರು ಏನಂದ್ರವ್ವಾ? ನಮಗ ಒಂದೂ ತಿಳೀವಲ್ದು."

ಮರಾಠಿ ಬಲ್ಲ ಸಮೃದ್ಧಿ ಕನ್ನಡದಲ್ಲಿ ಹೇಳಿದಳು. ಕಾಡವ್ವ ಅಲ್ಲೇ ಕುಳಿತಳು. ಅವಳ ಹಿಂದೆಯೇ ಬಂದ ಹೆಂಗಸರು ಮೆಟ್ಟಿಲು ತುಂಬಿದರು. ಪಾಸ್ಟರು ನಕ್ಕು ತಾವೇ ಹೊಸ್ತಿಲಿಗೆ ಬಂದು ನಿಂತರು.

ಇಳಿದವರ ರೋಗ ವಾಸಿಮಾಡುವ ಕೊಳದ ದಂಡೆಯಲ್ಲಿ ಬಿದ್ದಿದ್ದ ರೋಗಿಯ ಕಥೆ ಅದು. ಅವನನ್ನು ನೀರಿಗಿಳಿಸಲು ಯಾರೂ ಇರಲಿಲ್ಲ...

ಸಮೃದ್ಧಿ ಮೆಟ್ಟಿಲ ಮೇಲಿನ ಹೆಂಗಸರತ್ತ ಬಾಗಿದಳು. "ಎತ್ತಾಕ... ಯಾರೂ ಬರಲಿಲ್ಲ. ಆದ್ರ ಯೇಸು ಅವ ಇದ್ದಲ್ಲಿಗೇ ಬಂದ!"

ಮುದುಕಿಯರು ಕಣ್ಣೊರೆಸಿಕೊಂಡರು. ಆಗ ಅವಳಿಗೆ ಹೊಳೆಯಿತು, ಇಷ್ಟು ಹೊತ್ತು ತಾನು ಅಮರ ಬಂದನೇ ಎಂದು ಗೇಟಿನತ್ತ ನೋಡಿಯೇ ಇಲ್ಲ! ಅವ್ವನಿಗೆ ಹೇಳಬೇಕಾದ ಉತ್ತರ ಸಿಕ್ಕಿತ್ತು.

ಪ್ರಾರ್ಥನೆ ಮುಗಿಯುವಾಗ ಉಸುಕಿನ ಟೆಂಪೊ ಬಂತು, ಅದರ ಹಿಂದೆ ಆ ಸ್ಕೂಟರ್.

"ಈಕಿ ಪದ್ಮಶ್ರೀ, ಇಂಜಿನಿಯರು," ಅಮರ ಬೆವರೊರೆಸಿಕೊಂಡ. "ನಿನ್ನ ಕುರ್ಚಿ ಹತ್ತಾಕ ರ‍್ಯಾಂಪ್ ಕಟ್ಟಸ್ತಾಳ. ಮೊಬೈಲಿನ್ಯಾಗ ನೋಡಿದ್ರ ಟೆಂಪೊ ದಾರಿ ತಪ್ಪಿತ್ತು, ಕರಕೊಂಡು ಬರಾಕ ಹೋಗಿದ್ವಿ."

"ಮೊದಲ ಯಾಕ ಕಟ್ಟಿಸಲಿಲ್ಲ?"

ಅಮರ ತಲೆ ತಗ್ಗಿಸಿದ. "ಪಾಸ್ಟರು ಹೋದ ವರ್ಷನ ಹೇಳಿದ್ರು. ನಾನ ಮುಂದ ಹಾಕಿದೆ... ಎತ್ತೂದು ತಪ್ಪಿದ್ರ ನೀ ನನ್ನ ಕಡೆ ನೋಡೂದ ಬಿಡ್ತಿ ಅಂತ ಹೆದರಿದ್ದೆ. ನೀ ಕಣ್ಣು ಮುಚ್ಚಿ ಪ್ರಾರ್ಥನಾ ಮಾಡೂವಾಗ ಆ ದೇವರ ಮ್ಯಾಲೂ ಹೊಟ್ಟೆಕಿಚ್ಚು ಆಗ್ತಿತ್ತು. ಖರೇ ಹೇಳ್ತೀನಿ, ನೀ ಅಂದ್ರ ನನಗ ಜೀವ!"

ಸಮೃದ್ಧಿ ಅಳುತ್ತಲೇ ನಕ್ಕಳು. "ನಾ ಈಕಿ ಕಾಲಿನ ಮ್ಯಾಲೆ ಹೊಟ್ಟೆಕಿಚ್ಚು ಪಟ್ಟೀನಿ. ಇಬ್ಬರೂ ಕೂಡಿ ಕ್ಷಮಾ ಕೇಳೂಣು."

"ಮುಂದಿನ ವಾರ ಕನ್ನಡ ಹೇಳೂದು...?"

"ಅದು ಇನ್ನ ನನ್ನ ಕೆಲಸ. ನೀ ಕುಂತು ಕೇಳು."

"ಎತ್ತೂದೂ ಇಲ್ಲ, ಹೇಳೂದೂ ಇಲ್ಲ... ಹಂಗಾರ ನಾ ಏನ್ ಮಾಡ್ಲಿ?"

ಅವಳು ಅವನ ಕೈ ಹಿಡಿದು ತನ್ನ ಪಕ್ಕಕ್ಕೆ ಎಳೆದುಕೊಂಡಳು.

"ನನ್ನ ಬಾಜುಕ ನಡಿ, ಅಮರ. ಕಡೀತನಕ."